ಪ್ರಶ್ನೆ ಯಾರದು? ಕಥೋಲಿಕ ಶಾಲೆಯ ಧರ್ಮಪಾಠದ ಚರಿತ್ರೆ

ಕಥೋಲಿಕ ಕ್ರೈಸ್ತರು ನಡೆಸುವ ಶಾಲೆಗಳಲ್ಲಿ ಓದಿದವರಿಗೂ ಕಲಿಸಿದವರಿಗೂ ಒಂದು ದೃಶ್ಯವು ಪರಿಚಿತವಾಗಿರಬೇಕು. ಗಣಿತದ ಪಾಠ ಮುಗಿದು ಗಂಟೆ ಬಾರಿಸಿದೊಡನೆ ಏಳನೆಯ ತರಗತಿ ಎರಡಾಗುತ್ತದೆ. ಕಥೋಲಿಕ ಮಕ್ಕಳು ಧರ್ಮೋಪದೇಶದ ಪುಸ್ತಕವನ್ನೆತ್ತಿಕೊಂಡು ಒಂದು ಕೋಣೆಯಲ್ಲಿ ಕೂಡುತ್ತಾರೆ; ಹಿಂದೂ, ಮುಸಲ್ಮಾನ, ಜೈನ ಮಕ್ಕಳು ನೀತಿಪಾಠದ ಪುಸ್ತಕದೊಡನೆ ಇನ್ನೊಂದು ಕೋಣೆಗೆ ನಡೆಯುತ್ತಾರೆ. ಪಾಠ ಮುಗಿದ ಬಳಿಕ ಎಲ್ಲರೂ ಮತ್ತೆ ಒಂದೇ ಬೆಂಚಿಗೆ ಬಂದು ಸೇರುತ್ತಾರೆ. ವಾಡಿಕೆಯಾಗಿ ನಡೆಯುವುದರಿಂದ ಇದರಲ್ಲಿ ವಿಶೇಷವೇನೂ ಕಾಣಿಸದು. ಆದರೆ ಈ ಸಣ್ಣ ಏರ್ಪಾಡಿನ ಹಿಂದೆ ನಾನೂರು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಅದರ ಒಂದೆರಡು ಪ್ರಕರಣಗಳು ನಮ್ಮ ನೆರೆಯ ಗೋವೆಯಲ್ಲಿಯೇ ನಡೆದವು. ಮತದ ಗುಣದೋಷಗಳ ವಿಚಾರ ಇಲ್ಲಿ ಪ್ರಕೃತವಲ್ಲ. ಪಾಠವೊಂದು ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಎಲ್ಲಿ ಎಡವಿತು ಎಂಬುದನ್ನು ಶಿಕ್ಷಕನ ಕಣ್ಣಿನಿಂದ ನೋಡುವುದಷ್ಟೇ ಈ ಲೇಖನದ ಆಶಯ.

ಮಾಧ್ಯಮಿಕ ಶಾಲೆಯ ಮಕ್ಕಳೆಂದರೆ ಹನ್ನೊಂದರಿಂದ ಹದಿನಾಲ್ಕು ವಯಸ್ಸಿನವರು. ಅದಕ್ಕಿಂತ ಚಿಕ್ಕವರು ಹೇಳಿದುದನ್ನು ನಂಬುತ್ತಾರೆ. ದೊಡ್ಡವರು ಒಪ್ಪದಿದ್ದರೂ ಸುಮ್ಮನಿರಲು ಕಲಿತಿರುತ್ತಾರೆ. ನಡುವಿನ ಈ ಮಕ್ಕಳು ಮಾತ್ರ ಎದ್ದುನಿಂತು ಕೇಳುವವರು. “ಅದು ಹೇಗೆ ಗೊತ್ತು, ಸಾರ್?” ಎಂಬ ಮಾತು ಬೇರಾವ ತರಗತಿಗಿಂತಲೂ ಹೆಚ್ಚಾಗಿ ಆರು, ಏಳು, ಎಂಟನೆಯ ತರಗತಿಗಳಲ್ಲಿ ಕೇಳಿಬರುತ್ತದೆಂಬುದನ್ನು ಶಿಕ್ಷಕ ಬಂಧುಗಳಿಗೆ ನಾನು ಹೇಳಬೇಕಾಗಿಲ್ಲ. ಇಂಥ ವಯಸ್ಸಿನ ಮಕ್ಕಳಿಗೆ ಕಥೋಲಿಕ ಸಭೆಯು ಧರ್ಮವನ್ನು ಬೋಧಿಸಲು ಆರಿಸಿಕೊಂಡ ರೂಪವು ಪ್ರಶ್ನೋತ್ತರ ಮಾಲಿಕೆ, ಎಂದರೆ ಕ್ಯಾಟೆಕಿಸಂ. ಅದರಲ್ಲಿ ಉತ್ತರ ಮಾತ್ರವಲ್ಲ, ಪ್ರಶ್ನೆಯೂ ಅಚ್ಚಾಗಿರುತ್ತದೆ. ಹೀಗಿರಲು, ಆ ಪ್ರಶ್ನೆ ಯಾರದು?

ಪ್ರಶ್ನೋತ್ತರ ರೂಪವು ನಮಗೆ ಹೊಸತಲ್ಲ. ಶೌನಕಾದಿ ಋಷಿಗಳು ಕೇಳುವರು, ಸೂತನು ಹೇಳುವನು. ಅರ್ಜುನನು ಕೇಳುವನು, ಶ್ರೀಕೃಷ್ಣನು ಹೇಳುವನು. ಕಠೋಪನಿಷತ್ತಿನ ನಚಿಕೇತನಂತೂ ಬಾಲಕನೇ. ಯಮನ ಮನೆಯ ಬಾಗಿಲಿಗೆ ಹೋಗಿ ಕೇಳಿದವನು. ಇಲ್ಲೆಲ್ಲ ಅರಿಯದವನು ಪ್ರಶ್ನೆ ಹಾಕುತ್ತಾನೆ, ಅರಿತವನು ಉತ್ತರ ಕೊಡುತ್ತಾನೆ. ಇನ್ನೊಂದು ಬಗೆಯ ಪ್ರಶ್ನೆಯೂ ನಮ್ಮಲ್ಲಿದೆ. ಅದು ಯಕ್ಷಪ್ರಶ್ನೆ. ಅಲ್ಲಿ ಕೇಳುವವನಿಗೆ ಉತ್ತರ ಮೊದಲೇ ಗೊತ್ತು. ಎದುರಿಗೆ ನಿಂತ ಧರ್ಮರಾಯನಿಗೆ ಗೊತ್ತೇ ಎಂಬುದಷ್ಟೇ ಪರೀಕ್ಷೆ. ಯೂರೋಪಿನ ಧರ್ಮಪಾಠವು ಬಹುಮಟ್ಟಿಗೆ ಈ ಎರಡನೆಯ ಜಾತಿಯದು. ಆದರೆ ಪೂರ್ತಿಯಾಗಿ ಅಲ್ಲ.

೧೫೨೯ರಲ್ಲಿ ಮಾರ್ಟಿನ್ ಲೂಥರನು ಜರ್ಮನ್ ಭಾಷೆಯಲ್ಲಿ ಚಿಕ್ಕದೊಂದು ಪ್ರಶ್ನೋತ್ತರ ಮಾಲಿಕೆಯನ್ನು ಹೊರಡಿಸಿದನು. ಅದು ಮನೆಮನೆಗೂ ಹೊಕ್ಕಿತು. ಎದುರು ಪಕ್ಷದವರು ಕೈಕಟ್ಟಿ ಕುಳಿತಿರಲಾಗಲಿಲ್ಲ. ಯೇಸುಸಭೆಯ ಪೀಟರ್ ಕನಿಸಿಯಸನು ೧೫೫೫ರಲ್ಲಿ ಕಾಲೇಜಿನ ವಿದ್ಯಾರ್ಥಿಗಳಿಗೂ ಪಾದ್ರಿಗಳಿಗೂ ಒಂದು ದೊಡ್ಡ ಗ್ರಂಥವನ್ನೂ, ೧೫೫೬ರಲ್ಲಿ ಸಣ್ಣ ಮಕ್ಕಳಿಗಾಗಿ ಕೆಲವೇ ಪುಟಗಳ ಪುಸ್ತಿಕೆಯನ್ನೂ, ೧೫೫೮ರಲ್ಲಿ ಇವೆರಡರ ನಡುವಿನ ಅಳತೆಯದೊಂದನ್ನೂ ರಚಿಸಿದನು. ಈ ನಡುವಣ ಪುಸ್ತಕವು ಶಾಲೆಯಲ್ಲಿ ಲ್ಯಾಟಿನ್ ಓದುತ್ತಿದ್ದ ಹುಡುಗರಿಗಾಗಿ ಬರೆದುದು. ಮಾಧ್ಯಮಿಕ ವಯಸ್ಸಿಗೆ ಬೇರೆಯದೇ ಪಠ್ಯ ಬೇಕೆಂಬ ತಿಳಿವಳಿಕೆ ಅಷ್ಟು ಹಿಂದೆಯೇ ಮೂಡಿದ್ದಿತೆಂಬುದು ಗಮನಾರ್ಹ. ಜರ್ಮನ್ ನಾಡುಗಳಲ್ಲಿ ಕನಿಸಿಯಸನ ಹೆಸರೇ ಧರ್ಮೋಪದೇಶದ ಪುಸ್ತಕಕ್ಕೆ ಅಂಕಿತವಾಗಿ ನಿಂತಿತು. ನಾವು ವ್ಯಾಕರಣವೆಂದರೆ ಕೇಶಿರಾಜನೆನ್ನುವುದಿಲ್ಲವೇ, ಹಾಗೆ.

ಟ್ರೆಂಟ್ ಪಟ್ಟಣದಲ್ಲಿ ನೆರೆದ ಮಹಾಸಭೆಯು ೧೫೬೩ರಲ್ಲಿ, ಪ್ರತಿ ಊರಿನ ದೇವಾಲಯದಲ್ಲಿಯೂ ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಮಕ್ಕಳಿಗೆ ಧರ್ಮದ ಮೂಲಪಾಠಗಳನ್ನು ಕಲಿಸಬೇಕೆಂದು ವಿಧಿಸಿತು. ಇದು ದೇವಾಲಯದ ಮಾತಾಯಿತು. ಶಾಲೆಯ ವೇಳಾಪಟ್ಟಿಯೊಳಕ್ಕೆ ಪಾಠವನ್ನು ತಂದವರಲ್ಲಿ ಯೇಸುಸಭೆಯವರು ಮುಖ್ಯರು. ೧೫೯೯ರ ಅವರ ಶಿಕ್ಷಣ ನಿಯಮಾವಳಿಯು, ಕೆಳಗಿನ ತರಗತಿಗಳ ಹುಡುಗರು ಶುಕ್ರವಾರ ಅಥವಾ ಶನಿವಾರ ಧರ್ಮೋಪದೇಶವನ್ನು ಬಾಯಿಪಾಠ ಒಪ್ಪಿಸಬೇಕೆಂದೂ, ಅರ್ಧ ಗಂಟೆ ಅದರ ವಿವರಣೆ ನಡೆಯಬೇಕೆಂದೂ ಹೇಳುತ್ತದೆ. ವಾರದ ಉಳಿದ ಹೊತ್ತೆಲ್ಲ ವ್ಯಾಕರಣ, ಕಾವ್ಯ, ಭಾಷಣಕಲೆ. ಧರ್ಮಕ್ಕೇ ಹುಟ್ಟಿದ ಸಂಸ್ಥೆ ಧರ್ಮದ ಪಾಠಕ್ಕೆ ಇಷ್ಟು ಕಡಮೆ ಹೊತ್ತು ಕೊಟ್ಟುದು ವಾಚಕರಿಗೆ ಬೆರಗೆನಿಸಬಹುದು. ಶಾಲೆಯ ಗಾಳಿಯೇ ಧರ್ಮವನ್ನು ಕಲಿಸುವುದೆಂಬ ಭರವಸೆ ಅವರಿಗಿದ್ದಿತು.

ಇದೇ ಕಾಲದಲ್ಲಿ ಒಂದು ಸ್ವಾರಸ್ಯವಾದ ಘಟನೆ ನಡೆಯಿತು. ಪೋಪ್ ಎಂಟನೆಯ ಕ್ಲೆಮೆಂಟರ ಅಪೇಕ್ಷೆಯಂತೆ ರಾಬರ್ಟ್ ಬೆಲ್ಲಾರ್ಮಿನನು ಇಟಾಲಿಯನ್ ಭಾಷೆಯಲ್ಲಿ ಎರಡು ಪುಸ್ತಕಗಳನ್ನು ಬರೆದನು. ೧೫೯೭ರ ಚಿಕ್ಕ ಪುಸ್ತಕ ಮಕ್ಕಳಿಗೆ. ಅದರಲ್ಲಿ ಗುರುವು ಕೇಳುತ್ತಾನೆ, ಶಿಷ್ಯನು ಉತ್ತರ ಹೇಳುತ್ತಾನೆ. ೧೫೯೮ರ ದೊಡ್ಡ ಪುಸ್ತಕ ಕಲಿಸುವವರಿಗೆ; ಅದರಲ್ಲಿ ಶಿಷ್ಯನು ಕೇಳುತ್ತಾನೆ, ಗುರುವು ಉತ್ತರ ಹೇಳುತ್ತಾನೆ. ಯಕ್ಷನು ಒಂದು ಪುಸ್ತಕದಲ್ಲಿ, ನಚಿಕೇತನು ಇನ್ನೊಂದರಲ್ಲಿ! ಮಕ್ಕಳು ಏನನ್ನು ಕೇಳಿಯಾರೆಂಬುದು ಬೆಲ್ಲಾರ್ಮಿನನಿಗೆ ಚೆನ್ನಾಗಿ ತಿಳಿದಿತ್ತು. ಆದರೆ ಆ ಪ್ರಶ್ನೆಗಳನ್ನು ಅವನು ಇರಿಸಿದುದು ಶಿಕ್ಷಕನ ಮೇಜಿನ ಮೇಲಿನ ಪುಸ್ತಕದಲ್ಲಿ. ಮಗುವಿನ ಕೈಗೆ ಸೇರಿದುದು ಬಾಯಿಪಾಠದ ಪುಸ್ತಕ. ಅದು ಹತ್ತಾರು ಭಾಷೆಗಳಿಗೆ ಹೋಯಿತು. ೧೮೭೦ರಲ್ಲಿ ವ್ಯಾಟಿಕನ್ನಿನ ಮೊದಲನೆಯ ಮಹಾಸಭೆಯು ಜಗತ್ತಿಗೆಲ್ಲ ಒಂದೇ ಚಿಕ್ಕ ಪ್ರಶ್ನೋತ್ತರ ಪುಸ್ತಕವಿರಬೇಕೆಂದು ಚರ್ಚಿಸಿದಾಗಲೂ ಕಣ್ಣ ಮುಂದಿದ್ದ ಮಾದರಿ ಇದೇ. ಸಭೆ ನಡುವೆಯೇ ನಿಂತುಹೋದುದರಿಂದ ಆ ಯೋಜನೆ ಕೈಗೂಡಲಿಲ್ಲ.

ಈ ಪದ್ಧತಿ ಹಡಗು ಹತ್ತಿ ಪೂರ್ವ ದೇಶಗಳಿಗೆ ಬಂದಾಗ ಏನಾಯಿತೆಂಬುದನ್ನು ಈಗ ನೋಡೋಣ. ಪೋರ್ಚುಗೀಸರ ನಾಡಿನಲ್ಲಿ ಮಾರ್ಕೋಸ್ ಜೋರ್ಜ್ ಎಂಬ ಯೇಸುಸಭೆಯ ಪಾದ್ರಿ ಮಕ್ಕಳಿಗಾಗಿ ಸಂವಾದ ರೂಪದ ಧರ್ಮೋಪದೇಶವನ್ನು ೧೫೬೬ರಲ್ಲಿ ಪ್ರಕಟಿಸಿದ್ದನು. ಹೆನ್ರಿಕ್ ಹೆನ್ರಿಕೆಸನು ಅದನ್ನು ತಮಿಳಿಗೆ ತಂದು ೧೫೭೯ರಲ್ಲಿ ಕೊಚ್ಚಿಯಲ್ಲಿ ಅಚ್ಚು ಹಾಕಿಸಿದನು. ಜಪಾನಿನಲ್ಲಿಯೂ ಅದರ ರೂಪಾಂತರವು ೧೫೯೨ರಲ್ಲಿ ಮುದ್ರಣಗೊಂಡಿತು. ಜಪಾನೀ ಪುಸ್ತಕದಲ್ಲಿ ಮಾತ್ರ ಪಾತ್ರಗಳು ಅದಲುಬದಲಾದವು: ಶಿಷ್ಯನೇ ಕೇಳುವವನು, ಗುರುವೇ ಹೇಳುವವನು. ಗುರುವಾದವನು ಶಿಷ್ಯನನ್ನು ಪ್ರಶ್ನಿಸಿ ಕಲಿಯುವಂತೆ ತೋರುವುದು ಆ ನಾಡಿನ ಗುರುಶಿಷ್ಯ ಮರ್ಯಾದೆಗೆ ಹೊಂದದೆಂದು ಭಾಷಾಂತರಕಾರರು ಕಂಡಿರಬೇಕು. ನಮ್ಮ ದೇಶದವರಿಗೂ ಆ ಏರ್ಪಾಡೇ ಹೆಚ್ಚು ಸಹಜವೆನಿಸುತ್ತಿತ್ತೆಂದು ನನ್ನ ಭಾವನೆ.

ಗೋವೆಯಲ್ಲಿ ಈ ಕಾರ್ಯವನ್ನು ಕೈಗೊಂಡವನು ಇಂಗ್ಲೆಂಡಿನವನಾದ ಥಾಮಸ್ ಸ್ಟೀಫನ್ಸನು. ೧೫೭೯ರಲ್ಲಿ ಗೋವೆಗೆ ಬಂದು ನಲವತ್ತು ವರ್ಷ ಅಲ್ಲಿಯೇ ಇದ್ದು ೧೬೧೯ರಲ್ಲಿ ತೀರಿಕೊಂಡನು. ಮಾರ್ಕೋಸ್ ಜೋರ್ಜನ ಪುಸ್ತಕವನ್ನು ಆಧರಿಸಿ ಅವನು ಕೊಂಕಣಿಯಲ್ಲಿ ಬರೆದ ಧರ್ಮೋಪದೇಶವು, ಅವನು ತೀರಿಕೊಂಡ ಬಳಿಕ ೧೬೨೨ರಲ್ಲಿ ರಾಯಚೂರಿನಲ್ಲಿ—ನಮ್ಮ ಕೃಷ್ಣಾ ತುಂಗಭದ್ರೆಯರ ನಡುವಿನ ರಾಯಚೂರಲ್ಲ, ಗೋವೆಯ ಸಾಷ್ಟಿಯ ರಾಶೋಲ್—ಅಚ್ಚಾಯಿತು. ಮುಖಪುಟದಲ್ಲಿ ಆ ಭಾಷೆಗೆ ಕೊಟ್ಟ ಹೆಸರು “ಬ್ರಾಮಣ ಕಾನಾರಿಂ”. ಈ ಹೆಸರನ್ನು ಕಂಡು ಅದು ಕನ್ನಡ ಪುಸ್ತಕವೆಂದು ಭ್ರಮಿಸಬಾರದು. ಪೋರ್ಚುಗೀಸರು ಕೊಂಕಣಿಯನ್ನು ಕಾನಾರಿಂ ಎಂದೇ ಕರೆಯುತ್ತಿದ್ದರು. ಭಾರತೀಯ ಭಾಷೆಗಳ ಅತ್ಯಂತ ಹಳೆಯ ಮುದ್ರಿತ ಪುಸ್ತಕಗಳ ಸಾಲಿನಲ್ಲಿ ಮಕ್ಕಳ ಈ ಪಾಠಪುಸ್ತಕಗಳೇ ನಿಂತಿವೆ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳದೆ ಬಿಡಲಾಗದು. ಆ ಕಾಲದ ಗೋವೆಯಲ್ಲಿ ಧರ್ಮಬೋಧೆಯು ರಾಜದಂಡದ ನೆರಳಿನಲ್ಲಿ ನಡೆಯುತ್ತಿತ್ತು. ತಂದೆತಾಯಿಗಳನ್ನೂ ಅಜ್ಜ ಅಜ್ಜಿಯರನ್ನೂ ಕಳೆದುಕೊಂಡ ಹಿಂದೂ ಮಕ್ಕಳನ್ನು ಯೇಸುಸಭೆಯ ಸಂತ ಪೌಲರ ಕಾಲೇಜಿಗೆ ಒಪ್ಪಿಸಿ ಅಲ್ಲಿ ದೀಕ್ಷಾಸ್ನಾನ ಕೊಟ್ಟು ಬೆಳೆಸಬೇಕೆಂದು ೧೫೫೯ರಲ್ಲಿ ರಾಜಾಜ್ಞೆಯಾಯಿತು. ಆ ಮಕ್ಕಳ ಪರವಾಗಿ ‘ಬೇಡ’ ಎನ್ನುವ ಹಕ್ಕು ನೆಂಟರಿಷ್ಟರಿಗಾಗಲಿ ನೆರೆಹೊರೆಯವರಿಗಾಗಲಿ ಇರಲಿಲ್ಲ. ಸಾಷ್ಟಿಯ ದೇವಾಲಯಗಳು ಕೆಡವಲ್ಪಟ್ಟವು. ಹಳೆಯ ಪುರಾಣಗಳ ಪಠನಕ್ಕೆ ತಡೆಯಾಯಿತು. ಸ್ಟೀಫನ್ಸನು ಕಲಿಸಿದುದು ಇಂಥ ನಾಡಿನಲ್ಲಿ.

ಅವನ ‘ಕ್ರಿಸ್ತಪುರಾಣ’ವು ೧೬೧೬ರಲ್ಲಿ ರಾಶೋಲಿನಲ್ಲಿಯೇ ಹೊರಬಂದಿತು. ದೇವನಾಗರಿಯ ಅಚ್ಚುಮೊಳೆಗಳಿಲ್ಲದುದರಿಂದ ರೋಮನ್ ಲಿಪಿಯಲ್ಲಿ ಮುದ್ರಿತವಾದ, ಸುಮಾರು ಹನ್ನೊಂದು ಸಾವಿರ ಓವಿಗಳ ಮರಾಠಿ ಕಾವ್ಯವದು. ಅದು ಹುಟ್ಟಿದ ಕಾರಣವನ್ನು ಕವಿಯೇ ಆರಂಭದಲ್ಲಿ ಹೇಳಿದ್ದಾನೆ. ಹೊಸದಾಗಿ ಕ್ರೈಸ್ತನಾದ ಬ್ರಾಹ್ಮಣನೊಬ್ಬನು ಎದ್ದುನಿಂತು, ನೀವು ಕಲಿಸುವ ಉಪದೇಶವು ಒಳ್ಳೆಯದೇ ಇರಬಹುದು, ಆದರೆ ನಮ್ಮ ಪುರಾಣಗಳನ್ನು ಬೇಡವೆಂದ ಮೇಲೆ ಅವುಗಳ ಬದಲಿಗೆ ನಮಗೆ ಓದಲು ಏನು ಕೊಡುವಿರಿ ಎಂಬರ್ಥದಲ್ಲಿ ಕೇಳಿದನಂತೆ. ಪ್ರಶ್ನೋತ್ತರದ ಪುಸ್ತಕದಲ್ಲಿ ಅಚ್ಚಾಗದ ಪ್ರಶ್ನೆ! ಗುರುವು ಹಾಕಿದುದಲ್ಲ, ಕೇಳುಗನ ಒಳಗಿನಿಂದ ಬಂದುದು. ಅದರಲ್ಲಿ ನೋವೂ ಇದ್ದಿತು, ಆಕ್ಷೇಪವೂ ಇದ್ದಿತು. ಸ್ಟೀಫನ್ಸನು ಅದನ್ನು ಗದರಿಸಿ ಅಡಗಿಸಬಹುದಾಗಿತ್ತು. ಅಧಿಕಾರ ಅವನ ಕಡೆಗಿದ್ದಿತು. ಅವನು ವರ್ಷಗಟ್ಟಲೆ ದುಡಿದು ಉತ್ತರ ಬರೆದನು. ಮೂರು ಬಾರಿ ಅಚ್ಚಾಗಿ ಬಹುಕಾಲ ಮರೆತುಹೋಗಿದ್ದ ಆ ಕೃತಿಯನ್ನು ೧೯೦೭ರಲ್ಲಿ ಮತ್ತೆ ಬೆಳಕಿಗೆ ತಂದ ಊರು ನಮ್ಮ ಮಂಗಳೂರು.

ಭಾಷೆಯ ಮಾತು ಬಂದಿತಷ್ಟೆ. ಊರ ನುಡಿಯನ್ನು ಬಲ್ಲದ ಪಾದ್ರಿಗೆ ಊರಿನ ಹೊಣೆಯನ್ನು ಕೊಡಕೂಡದೆಂದು ಗೋವೆಯ ೧೬೦೬ರ ಧಾರ್ಮಿಕ ಸಭೆ ನಿರ್ಣಯಿಸಿತ್ತು. ಆದರೆ ೧೬೮೪ರಲ್ಲಿ ವೈಸರಾಯನು ಮೂರು ವರ್ಷಗಳೊಳಗೆ ಜನರು ತಾಯ್ನುಡಿಯನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿದನು. ಪಾದ್ರಿಗಳೂ ಶಾಲಾ ಶಿಕ್ಷಕರೂ ಆ ಭಾಷೆಯಲ್ಲಿಯೇ ಬೋಧಿಸಬೇಕಾಯಿತು. ೧೮೧೨ರಲ್ಲಿ ಆರ್ಚ್‌ಬಿಷಪರು ಶಾಲೆಯಲ್ಲಿ ಮಕ್ಕಳು ಕೊಂಕಣಿ ಆಡುವುದನ್ನೇ ನಿಷೇಧಿಸಿದರು. ಮಗುವಿಗೆ ತನ್ನ ಪ್ರಶ್ನೆ ಮೂಡುವುದು ತಾಯ್ನುಡಿಯಲ್ಲಿ. ಅದನ್ನು ಬಾಗಿಲ ಹೊರಗೆ ನಿಲ್ಲಿಸಿದ ಶಾಲೆಯಲ್ಲಿ ಉಳಿಯುವುದು ಅಚ್ಚಾದ ಪ್ರಶ್ನೆಯೊಂದೇ. ಗಡಿನಾಡಿನ ಶಿಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅತ್ತ ಕನ್ನಡ ನೆಲದಲ್ಲಿ ಹದಿನೇಳನೆಯ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಲಿಯೋನಾರ್ದೋ ಚಿನ್ನಾಮಿ ಎಂಬವನು ಕನ್ನಡವನ್ನು ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶವನ್ನು ಬರೆದನು. ಬೆನ್ನಿಗೆ ರಾಜದಂಡವಿಲ್ಲದ ಕಡೆ ನಾಡನುಡಿ ತಾನಾಗಿಯೇ ಬೇಕಾಗುತ್ತದೆ.

ಹತ್ತೊಂಬತ್ತನೆಯ ಶತಮಾನವನ್ನು ಬೇಗ ದಾಟಬಹುದು. ಸರ್ಕಾರಗಳು ಸಾರ್ವತ್ರಿಕ ಶಾಲೆಗಳನ್ನು ತೆರೆದಂತೆ ಕಥೋಲಿಕ ಸಭೆಯೂ ತನ್ನ ಶಾಲೆಗಳನ್ನು ಬೆಳೆಸಿತು. ಅಮೆರಿಕದ ಬಿಷಪರು ೧೮೮೪ರಲ್ಲಿ ಬಾಲ್ಟಿಮೋರಿನಲ್ಲಿ ಸೇರಿ, ಪ್ರತಿ ದೇವಾಲಯದ ಬಳಿ ಎರಡು ವರ್ಷಗಳೊಳಗೆ ಶಾಲೆಯೊಂದಿರಬೇಕೆಂದು ನಿರ್ಣಯಿಸಿದರು. ಮರುವರ್ಷ ಹೊರಬಂದ ಬಾಲ್ಟಿಮೋರ್ ಪ್ರಶ್ನೋತ್ತರ ಮಾಲಿಕೆಯಲ್ಲಿ ೪೨೧ ಪ್ರಶ್ನೆಗಳು. ಆ ದೇಶದ ಕಥೋಲಿಕ ಮಕ್ಕಳು ಎಂಬತ್ತು ವರ್ಷಗಳ ಕಾಲ ಅವನ್ನು ಉರುಹಾಕಿದರು. ಉರುಹಾಕುವುದನ್ನು ಹಳಿಯುವುದು ಈಗ ರೂಢಿಯಾಗಿದೆ. ಮಗ್ಗಿಯನ್ನೂ ಅಮರಕೋಶವನ್ನೂ ಬಾಯಿಪಾಠ ಮಾಡಿ ಬೆಳೆದವರು ಅಷ್ಟು ಸುಲಭವಾಗಿ ಹಳಿಯಲಾರರು. ಅರ್ಥವಾಗದೆ ನೆನಪಿನಲ್ಲಿ ಕುಳಿತ ಮಾತು ಎಷ್ಟೋ ವರ್ಷಗಳ ಮೇಲೆ ಅರ್ಥವಾಗುವುದುಂಟು. ಎಂದೂ ಅರ್ಥವಾಗದೆ ಹೋಗುವುದೂ ಉಂಟು.

ಮಾಧ್ಯಮಿಕ ವಯಸ್ಸಿನ ಮಕ್ಕಳ ಮಟ್ಟಿಗೆ ನಿಜವಾದ ತಿರುವು ಬಂದುದು ೧೯೧೦ರಲ್ಲಿ. ಅದಕ್ಕೆ ಮುಂಚೆ ಯೂರೋಪಿನ ಹಲವೆಡೆ ಮಕ್ಕಳು ಮೊದಲ ಬಾರಿಗೆ ಪರಮಪ್ರಸಾದವನ್ನು ಸ್ವೀಕರಿಸುತ್ತಿದ್ದುದು ಹತ್ತರಿಂದ ಹದಿನಾಲ್ಕರ ನಡುವೆ. ಆ ಸಂಸ್ಕಾರಕ್ಕೆ ಅಣಿಯಾಗಲೆಂದೇ ಧರ್ಮಪಾಠದ ಬಿಗಿಯೆಲ್ಲ ಆ ವರ್ಷಗಳ ಮೇಲೆ ಬೀಳುತ್ತಿತ್ತು. ಸಂಸ್ಕಾರವಾಯಿತೆಂದರೆ ಪಾಠವೂ ಮುಗಿದಂತೆ. ಪೋಪ್ ಹತ್ತನೆಯ ಪಯಸರು ೧೯೧೦ರ ಆಗಸ್ಟ್ ೮ರ ಆಜ್ಞಾಪತ್ರದಿಂದ ಈ ವಯಸ್ಸನ್ನು ಏಳರ ಸುಮಾರಿಗೆ ಇಳಿಸಿದರು. ಒಳಿತು ಕೆಡುಕುಗಳ ತಿಳಿವು ಮೂಡಿದ ಮಗುವನ್ನು ಕಾಯಿಸಕೂಡದೆಂಬುದು ಅವರ ವಾದ. ಮಕ್ಕಳ ವಿಷಯದಲ್ಲಿ ಅದು ಉದಾರವಾದ ನಿರ್ಣಯವೇ. ಆದರೆ ಅದರಿಂದ ಶಾಲೆಯಲ್ಲೊಂದು ತೊಡಕು ಹುಟ್ಟಿತು. ಹನ್ನೆರಡರ ಹುಡುಗನ ಮುಂದೆ ಈಗ ಯಾವ ಹಬ್ಬವೂ ಇಲ್ಲ, ಯಾವ ಪರೀಕ್ಷೆಯೂ ಇಲ್ಲ; ಏಳರಲ್ಲಿ ಕಲಿತುದನ್ನೇ ಮತ್ತೆ ಏಕೆ ಕಲಿಯಬೇಕೆಂದು ಅವನು ಕೇಳಿದರೆ ಶಿಕ್ಷಕನು ಏನು ಹೇಳಬೇಕು? ಫ್ರಾನ್ಸಿನವರು ಹನ್ನೆರಡರ ಸುಮಾರಿಗೆ ಮತ್ತೊಂದು ವಿಧ್ಯುಕ್ತ ಸಮಾರಂಭವನ್ನು ಉಳಿಸಿಕೊಂಡು ಈ ತೊಡಕಿನಿಂದ ಪಾರಾಗಲೆಳಸಿದರು. ಅದು ಜಾಣತನ, ಪರಿಹಾರವಲ್ಲ.

ಪರಿಹಾರವನ್ನು ಅರಸಿದವರು ಜರ್ಮನ್ ಭಾಷೆಯ ಶಿಕ್ಷಕರು. ಶಿಕ್ಷಕ ತರಬೇತಿಯಲ್ಲಿ ಹರ್ಬಾರ್ಟನ ಪಾಠಸೋಪಾನಗಳನ್ನು ಬರೆದು ಬೇಸತ್ತವರು ನಮ್ಮಲ್ಲಿ ಅನೇಕರಿರಬಹುದು. ಆ ಸೋಪಾನಗಳನ್ನೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮ್ಯೂನಿಕ್ಕಿನ ಧರ್ಮಶಿಕ್ಷಕರು ತಮ್ಮ ಪಾಠಕ್ಕೆ ಅಳವಡಿಸಿದರು: ಮೊದಲು ಕಥೆ, ಬಳಿಕ ವಿವರಣೆ, ಆಮೇಲೆ ಬಾಳಿಗೆ ಅನ್ವಯ. ಪುಸ್ತಕದ ಪ್ರಶ್ನೆ ಪಾಠದ ತಲೆಯಿಂದ ಬುಡಕ್ಕಿಳಿಯಿತು. ೧೯೩೬ರಲ್ಲಿ ಆಸ್ಟ್ರಿಯದ ಯೋಸೆಫ್ ಯುಂಗ್‌ಮನ್ ಎಂಬ ವಿದ್ವಾಂಸನು ಇನ್ನೂ ಮುಂದೆ ಹೋಗಿ, ದೋಷವಿರುವುದು ಕಲಿಸುವ ಕ್ರಮದಲ್ಲಿ ಮಾತ್ರವಲ್ಲ, ಶಾಸ್ತ್ರಪಂಡಿತರ ಸೂತ್ರಗಳನ್ನು ಮಕ್ಕಳಿಗೆ ಬಡಿಸುವುದರಲ್ಲಿಯೇ ಇದೆ ಎಂದು ವಾದಿಸಿದನು. ೧೯೫೫ರ ಜರ್ಮನ್ ಧರ್ಮೋಪದೇಶದಲ್ಲಿ ಪಾಠಗಳು ಬೈಬಲಿನ ಕಥೆ, ಅದರ ತಿಳಿವು, ಚಿಂತನೆಗೆ ವಿಷಯ ಎಂಬಂತೆ ಸಾಗಿ, ಪ್ರಶ್ನೋತ್ತರ ಕೊನೆಗೆ ಬರುತ್ತದೆ.

ಇನ್ನು ನಮ್ಮ ದೇಶದ ಎರಡು ಕೋಣೆಗಳ ವಿಚಾರ. ೧೮೫೪ರಲ್ಲಿ ಲಂಡನ್ನಿನಿಂದ ಬಂದ ವುಡ್‌ನ ನಿರೂಪವು ಭಾರತದ ಶಿಕ್ಷಣಕ್ಕೆ ಅಡಿಗಲ್ಲೆಂಬುದನ್ನು ಎಲ್ಲರೂ ಓದಿದ್ದೇವೆ. ಅದರಲ್ಲಿ ಧರ್ಮಬೋಧೆಯನ್ನು ಕುರಿತು ಒಂದು ಕುತೂಹಲದ ಮಾತಿದೆ. ಸರ್ಕಾರಿ ಶಾಲೆಯ ಶಿಕ್ಷಣವು ಮತಾತೀತವಾಗಿರಬೇಕು. ಬೈಬಲು ಪುಸ್ತಕಭಂಡಾರದಲ್ಲಿರಬಹುದು. ವಿದ್ಯಾರ್ಥಿಯು ತಾನಾಗಿಯೇ ಬಂದು ಕೇಳಿದರೆ, ಶಾಲೆಯ ಹೊತ್ತು ಮುಗಿದ ಮೇಲೆ ಶಿಕ್ಷಕನು ವಿವರಿಸಬಹುದು. ಕೇಳದೆ ಹೇಳಕೂಡದು! ಹಿಂದೂ ಮುಸಲ್ಮಾನ ಪ್ರಜೆಗಳು ಸಿಟ್ಟಾದಾರೆಂಬ ಅಂಜಿಕೆಯಿಂದ ಬರೆದ ಮಾತಿದು, ಸಂದೇಹವಿಲ್ಲ. ಅಂಜಿಕೆಯಿಂದಲೇ ಬಂದರೂ ಅದು ಪ್ರಶ್ನೆಯನ್ನು ವಿದ್ಯಾರ್ಥಿಯ ಬಾಯಿಗೆ ಮರಳಿಸಿತು. ಮಿಷನ್ ಶಾಲೆಗಳ ಮತಬೋಧೆಯನ್ನು ನಿರೂಪವು ತಡೆಯಲಿಲ್ಲ. ಲೌಕಿಕ ಶಿಕ್ಷಣ ಚೆನ್ನಾಗಿದ್ದರೆ ಅವುಗಳಿಗೂ ಸಹಾಯಧನ ಸಲ್ಲುತ್ತಿತ್ತು. ೧೮೮೨ರ ಹಂಟರ್ ಆಯೋಗವು, ಊರಿಗೆ ಅಂಥದೊಂದೇ ಶಾಲೆಯಿದ್ದಲ್ಲಿ ತಂದೆತಾಯಿಗಳು ಮಗುವನ್ನು ಧರ್ಮಪಾಠದಿಂದ ಹೊರಗಿರಿಸಿಯೂ ಶಾಲೆಯ ಉಳಿದ ಪ್ರಯೋಜನಗಳನ್ನೆಲ್ಲ ಪಡೆಯಬಹುದೆಂದು ಸಲಹೆಯಿತ್ತಿತು.

೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನವು ಈ ಸಲಹೆಯನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ೩೦ನೆಯ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಮತದಿಂದ ಮಾತ್ರವಲ್ಲದೆ ಭಾಷೆಯಿಂದ ಅಲ್ಪಸಂಖ್ಯಾತರಾದವರಿಗೂ ಅದು ಸಲ್ಲುವುದೆಂಬುದನ್ನು ಗಡಿಯಾಚೆಯ ಕನ್ನಡಿಗರು ಮರೆಯಲಾರರು. ೨೮ನೆಯ ವಿಧಿಯ ಮೂರನೆಯ ಖಂಡವು, ಸರ್ಕಾರದ ಮನ್ನಣೆಯನ್ನೋ ಸಹಾಯವನ್ನೋ ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಅಪ್ರಾಪ್ತ ವಯಸ್ಕರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧರ್ಮಬೋಧೆಗೆ ಕೂರಿಸಕೂಡದೆಂದು ವಿಧಿಸುತ್ತದೆ. ೧೫೫೯ರ ಗೋವೆಯ ಅನಾಥ ಮಗುವಿಗೆ ಇಲ್ಲದಿದ್ದ ರಕ್ಷೆ ಇದು. ಏಳನೆಯ ತರಗತಿ ಎರಡು ಕೋಣೆಗಳಾಗುವುದರ ಹಿಂದೆ ಈ ವಿಧಿ ನಿಂತಿದೆ. ಒಪ್ಪಿಗೆಯ ರುಜು ಮಾತ್ರ ಪೋಷಕರದು. ಹನ್ನೆರಡರ ಹುಡುಗಿಯ ಅಭಿಪ್ರಾಯವನ್ನು ವಿಧಿ ಕೇಳುವುದಿಲ್ಲ.

ಕಥೋಲಿಕ ಸಭೆಯೊಳಗೂ ಗಾಳಿ ಬದಲಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೫ರ ಅಕ್ಟೋಬರ್ ೨೮ರಂದು ಶಿಕ್ಷಣವನ್ನು ಕುರಿತೂ, ಡಿಸೆಂಬರ್ ೭ರಂದು ಧಾರ್ಮಿಕ ಸ್ವಾತಂತ್ರ್ಯವನ್ನು ಕುರಿತೂ ಘೋಷಣೆಗಳನ್ನು ಹೊರಡಿಸಿತು. ೧೯೬೭ರಲ್ಲಿ ಬೆಂಗಳೂರಿನಲ್ಲಿ, ಬೈಬಲು, ಧರ್ಮಬೋಧೆ, ಆರಾಧನೆಗಳಿಗಾಗಿ ಅಖಿಲ ಭಾರತದ ಕೇಂದ್ರವೊಂದು ಡಿ. ಎಸ್. ಅಮಲೋರ್‌ಪವದಾಸ್ ಅವರ ನೇತೃತ್ವದಲ್ಲಿ ಆರಂಭವಾಯಿತು. ಅಲ್ಲಿಂದ ಹೊರಟ ಚಿಂತನೆಯಲ್ಲಿ ಭಾರತೀಯ ಮಗುವಿನ ಸುತ್ತಲಿನ ಬದುಕಿಗೂ ನೆರೆಯವರ ಧರ್ಮಗಳಿಗೂ ಎಡೆ ದೊರೆಯಿತು. ೧೯೬೪-೬೬ರ ಕೊಠಾರಿ ಆಯೋಗವು, ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳನ್ನು ಕುರಿತು ತಿಳಿಸುವುದು ಬೇರೆ ಎಂದು ಗೆರೆ ಎಳೆದಿತ್ತು. ರೋಮಿನ ಶಿಕ್ಷಣ ಇಲಾಖೆಯೂ ೧೯೮೮ರಲ್ಲಿ ಅಂಥದೇ ಇನ್ನೊಂದು ಗೆರೆಯನ್ನು ಎಳೆಯಿತು: ನಂಬಿದವರನ್ನು ನಂಬಿಕೆಯಲ್ಲಿ ಬೆಳೆಸುವುದು ಧರ್ಮೋಪದೇಶ, ಶಾಲೆಯ ಧರ್ಮಪಾಠದ ಗುರಿ ತಿಳಿವು.

ಹೀಗೆಂದು ಪ್ರಶ್ನೋತ್ತರ ಮಾಲಿಕೆ ಮೂಲೆಗೆ ಸೇರಿತೆಂದು ತಿಳಿಯಬಾರದು. ೨೦೦೫ರಲ್ಲಿ ರೋಮಿನಿಂದ ಹೊರಟ ಸಂಗ್ರಹದಲ್ಲಿ ೫೯೮ ಪ್ರಶ್ನೆಗಳಿವೆ. ೨೦೧೧ರಲ್ಲಿ ತರುಣರಿಗೆಂದು ಹೊರಟ ‘ಯೂಕ್ಯಾಟ್’ನಲ್ಲಿ ೫೨೭. ತರುಣರ ಪುಸ್ತಕವನ್ನು ಸಿದ್ಧಪಡಿಸುವಾಗ ತರುಣರನ್ನೂ ಕೂರಿಸಿಕೊಂಡಿದ್ದರು. ಅಂತೂ ನಚಿಕೇತನಿಗೆ ಯಕ್ಷನ ಪುಸ್ತಕದಲ್ಲಿ ಒಂದಿಷ್ಟು ಜಾಗ ದೊರೆಯಿತು.

ನೀತಿಪಾಠದ ಕೋಣೆಯ ಚರಿತ್ರೆಯನ್ನು ಬರೆದವರು ಕಡಮೆ. ಅಲ್ಲಿಯ ಪುಸ್ತಕದಲ್ಲಿ ಸತ್ಯ, ಅಹಿಂಸೆ, ಶುಚಿತ್ವ, ಹಿರಿಯರಲ್ಲಿ ಗೌರವ ಎಂಬ ಪಾಠಗಳಿರುತ್ತವೆ. ದೇವರ ಹೆಸರು ಬಂದರೂ ಯಾವ ದೇವರೆಂದು ಇರುವುದಿಲ್ಲ. ಎಷ್ಟೋ ಕಡೆ ಆ ಗಂಟೆ ಗಣಿತದ ಉಳಿದ ಲೆಕ್ಕಗಳಿಗೆ ಹೋಗುತ್ತದೆಂಬುದು ನಮ್ಮ ನಮ್ಮಲ್ಲಿಯ ಗುಟ್ಟು. ಗಂಟೆ ಮತ್ತೆ ಬಾರಿಸುತ್ತದೆ. ಎರಡೂ ಕೋಣೆಗಳ ಮಕ್ಕಳು ಹಿಂತಿರುಗಿ ತಮ್ಮ ತಮ್ಮ ಬೆಂಚುಗಳಲ್ಲಿ ಕೂರುತ್ತಾರೆ. ಭೂಗೋಳದ ಮೇಷ್ಟರು ಬರುವುದಕ್ಕೆ ಇನ್ನೂ ಎರಡು ನಿಮಿಷವಿರುವಾಗ, ಒಬ್ಬನು ಪಕ್ಕದವನ ಕಡೆಗೆ ವಾಲಿ, “ನಿಮಗೆ ಅಲ್ಲಿ ಏನು ಹೇಳಿಕೊಡುತ್ತಾರೋ?”ಎಂದು ಕೇಳುತ್ತಾನೆ.